ಮರ ಹತ್ತುವವರ ಕಾಲಿಗೆ ಒಪ್ಪುವ ಮುಳ್ಳು, ಮೆತ್ತೆ, ಪಟ್ಟಿ



ಈ ಅಂಕಣದಲ್ಲಿ ಬೆಳೆಗೆ ತಗಲುವ ರೋಗಗಳ ಬಗ್ಗೆ ಹೆಚ್ಚಾಗಿ ಬರೆಯುತ್ತೇವೆ. ಬೆಳೆಯನ್ನು ಮರದಿಂದ ಕೆಳಗಿಳಿಸುವವರ ಕಾಲಿನ ಬಗ್ಗೆ ಬರೆಯುವುದು ಕಡಿಮೆ. ದೊಡ್ಡಗಾಜನೂರಿನಲ್ಲಾಗಲಿ, ತಾಳವಾಡಿ ಬೆಟ್ಟದ ಬೇರೆ ಊರುಗಳಲ್ಲಾಗಲಿ, ತೆಂಗಿನ ತೋಟವಿರುವ ಮನೆಯವರಿಗೆಲ್ಲ ಸುಮಾರು ಒಂದೂವರೆ ತಿಂಗಳಿಗೊಮ್ಮೆ ಕಾಯಿ ಕೀಳುವವರು ಬೇಕು. ಆದರೆ ಮರ ಹತ್ತುವವರು ಸಿಗುವುದೇ ಕಷ್ಟವಾಗಿದೆ. ಇರುವವರಲ್ಲಿ ಅನೇಕರು ಐವತ್ತು ದಾಟಿದವರು. ಅವರ ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗಿದ್ದಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. 40 ಅಡಿ ಎತ್ತರದ ಮರಗಳನ್ನು ಒಬ್ಬರು ಒಂದು ದಿನಕ್ಕೆ 30 ಹತ್ತಿದರು ಎಂದಿಟ್ಟುಕೊಳ್ಳಿ. ಆ ದಿನ ಅವರು 1,200 ಅಡಿ ಮೇಲೇರಿ, ಅಷ್ಟೇ ಅಡಿ ಕೆಳಗಿಳಿದಿರುತ್ತಾರೆ. ಮೈಭಾರವನ್ನೆಲ್ಲ ಹೊತ್ತದ್ದು ಅಂಗಾಲಿನ ನಡುಭಾಗ, ಕಾಲ್ಗಿಣ್ಣು, ಮೊಳಕಾಲಿನ ಕೆಳಗಿನ ಮುಂದಿನ ಎಲುಬು. ಈ ಎಲುಬಿನ ಮುಂಭಾಗದಲ್ಲಿ ಮಾಂಸವಿಲ್ಲ. ಚರ್ಮದ ಕೆಳಗೇ ಎಲುಬು. ಅಲ್ಲಿ ಒತ್ತಿದ್ದು ಬೇಗ ನೋಯುತ್ತದೆ. ನೋಯುವ ಮೆತ್ತೆಯನ್ನು ಯಾರೂ ಕಟ್ಟಿಕೊಂಡಿರುವುದಿಲ್ಲ. ಮೊದಲ ದಿನ ಪಟ್ಟಿ ಸಡಿಲಿಸುತ್ತಾರೆ, ಎರಡನೆಯ ದಿನ ಮೆತ್ತೆಯನ್ನು ಬುಡದಲ್ಲೇ ಬಿಚ್ಚಿಟ್ಟು ಹತ್ತುತ್ತಾರೆ, ಮೂರನೆಯ ದಿನ ಉಪಕರಣವೇ ಕೊಟ್ಟಿಗೆಯ ಅಟ್ಟ ಸೇರುತ್ತದೆ. ಆದ್ದರಿಂದ ಕಾಲಿಗೆ ಹಿತವಾಗಿರುವುದು ಎಂಬುದು ಸುಖದ ಮಾತಲ್ಲ, ಬೀಳದೆ ಇರುವುದಕ್ಕೆ ಸಂಬಂಧಪಟ್ಟ ಮಾತು.

ಈಗ ಪೇಟೆಯ ಅಂಗಡಿಗಳಲ್ಲೂ ಮೊಬೈಲಿನಲ್ಲಿ ಹಣ ಕಟ್ಟಿ ತರಿಸಿಕೊಳ್ಳುವ ಮಾರಾಟದಲ್ಲೂ ಮರ ಹತ್ತುವ ಸಾಮಾನು ಹಲವು ಬಗೆ ಬಂದಿದೆ. ಯಾವುದು ಒಳ್ಳೆಯದು ಎಂದು ಕೇಳುವವರು ಮೊದಲು ಬೆಲೆ ಕೇಳುತ್ತಾರೆ. ಬೆಲೆ ಮೂರನೆಯ ಪ್ರಶ್ನೆ. ಯಾವ ಮರ ಎಂಬುದು ಮೊದಲನೆಯದು, ಯಾರ ಕಾಲು ಎಂಬುದು ಎರಡನೆಯದು.

ಮೊದಲು ಮರವನ್ನು ನೋಡಿ

ಅಂಗಡಿಯವರು ಸ್ಪರ್ ಎಂದು ತೋರಿಸುವುದು ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳು. ಅಂಗಾಲಿನ ಕೆಳಗೆ ಒಂದು ಕಬ್ಬಿಣದ ಮೆಟ್ಟು, ಕಾಲಿನ ಒಳಮಗ್ಗುಲಲ್ಲಿ ಮೊಳಕಾಲಿನ ಹತ್ತಿರದವರೆಗೆ ಏರುವ ಒಂದು ಪಟ್ಟಿಕಂಬಿ, ಕಾಲ್ಗಿಣ್ಣಿನ ಒಳಭಾಗದಲ್ಲಿ ಕೆಳಮುಖವಾಗಿ ಚಾಚಿದ ಚೂಪು ಮುಳ್ಳು, ಮೇಲ್ಗಡೆ ಒಂದು ಮೆತ್ತೆ, ಬಿಗಿಯಲು ಎರಡು ಪಟ್ಟಿ. ಮುಳ್ಳನ್ನು ಮರಕ್ಕೆ ಚುಚ್ಚಿ, ಅದರ ಮೇಲೆ ನಿಂತು ಹತ್ತುವುದು. ಹಿಂದೆ ಮರದ ಕಂಬ ಹತ್ತುತ್ತಿದ್ದ ಲೈನ್‌ಮನ್‌ಗಳಿಗೂ ಇಂಥದ್ದೇ ಇತ್ತು.

ಇದನ್ನು ತೆಂಗಿನ ಮರಕ್ಕೆ ಬಳಸಬೇಡಿ. ಅಡಿಕೆಗೂ ಬೇಡ. ಮಾವು, ಹಲಸು, ಹುಣಸೆಗಳಲ್ಲಿ ತೊಗಟೆಯ ಕೆಳಗೆ ಬೆಳೆಯುವ ಪದರವೊಂದಿದೆ. ಗಾಯವಾದರೆ ಅಂಚಿನಿಂದ ಹೊಸ ತೊಗಟೆ ಬೆಳೆದು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ತೆಂಗು, ಅಡಿಕೆ, ತಾಳೆಗಳಿಗೆ ಆ ಪದರವೇ ಇಲ್ಲ. ಹುಲ್ಲಿನ ಜಾತಿಗೆ ಹತ್ತಿರದ ಈ ಮರಗಳ ಕಾಂಡಕ್ಕೆ ಇಂದು ಮಾಡಿದ ತೂತು ಮರ ಇರುವವರೆಗೂ ಹಾಗೆಯೇ ಇರುತ್ತದೆ. 40 ಅಡಿ ಮರಕ್ಕೆ ಅಡಿಗೊಂದರಂತೆ ಮುಳ್ಳು ಚುಚ್ಚಿದರೆ ಒಂದು ಸಲಕ್ಕೆ 40 ತೂತು, ವರ್ಷಕ್ಕೆ ಎಂಟು ಕೊಯ್ಲೆಂದರೆ 320. ಈ ಗಾಯಗಳ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಕಾಂಡದಿಂದ ಕಂದು ಬಣ್ಣದ ರಸ ಸೋರುವ ರೋಗದ ಶಿಲೀಂಧ್ರವೂ ಇಂಥ ಬಿರುಕು, ತೂತುಗಳ ಮೂಲಕವೇ ಒಳಹೋಗುತ್ತದೆ. ಕಾಲಿಡಲು ಮಚ್ಚಿನಿಂದ ಕಾಂಡದಲ್ಲಿ ಮೆಟ್ಟಿಲು ಕಡಿಯುವ ಹಳೆಯ ಅಭ್ಯಾಸವೂ ಇದೇ ಕೆಡುಕನ್ನು ಮಾಡುತ್ತದೆ. ಅಜ್ಜನ ಕಾಲದಲ್ಲಿ ಕಡಿದ ಗುರುತು ಇಂದಿಗೂ ಮುಚ್ಚದೆ ನಿಂತಿರುವುದನ್ನು ಹಳೆಯ ತೋಟಗಳಲ್ಲಿ ನೋಡಬಹುದು.

ಸಿಲ್ವರ್ ಮರದ ವಿಷಯಕ್ಕೆ ಬರೋಣ. ನಮ್ಮ ಕಡೆಯಿಂದ ಬಿಳಿಗಿರಿರಂಗನ ಬೆಟ್ಟಕ್ಕೋ ಕೊಡಗಿಗೋ ಕಾಫಿ ತೋಟದ ಮರಗಸಿಗೆ ಹೋಗುವವರಿಗೆ ಈ ಮರ ಚೆನ್ನಾಗಿ ಗೊತ್ತು. ಕೊಂಬೆ ಸವರಿ ಮರವನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಮುಳ್ಳು ಬೇಡ. ಏಣಿ, ಹಗ್ಗ ಸಾಕು. ಹೊರದೇಶಗಳಲ್ಲಿ ಮರ ನೋಡಿಕೊಳ್ಳುವುದನ್ನೇ ಕಸುಬಾಗಿ ಮಾಡಿಕೊಂಡವರ ನಿಯಮವೂ ಇದೇ: ಉಳಿಯಬೇಕಾದ ಮರಕ್ಕೆ ಮುಳ್ಳು ಹಾಕಬಾರದು, ಕಡಿದು ಉರುಳಿಸುವ ಮರಕ್ಕೆ ಹಾಕಬಹುದು. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಮುಳ್ಳು ಬಳ್ಳಿಯನ್ನೇ ಸೀಳುತ್ತದೆ. ಕಡಿಯುವ ಮರವಾದರೆ ಅದಕ್ಕೆ ಅನುಮತಿ ಬೇಕೇ ಎಂಬುದನ್ನು ವಿ.ಎ.ಓ. ಅವರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೀಗೆ ನೋಡಿದರೆ ನಮ್ಮ ಬೆಟ್ಟದಲ್ಲಿ ಮುಳ್ಳಿನ ಅಗತ್ಯವಿರುವವರು ಕೆಲವರೇ: ಸಿಲ್ವರ್, ನೀಲಗಿರಿ ಮರಗಳ ತುದಿ ಕಡಿದು, ಹಗ್ಗ ಕಟ್ಟಿ ಉರುಳಿಸುವ ಕೆಲಸದವರು. ಉಳಿದವರಿಗೆ ಮೆತ್ತೆ, ಪಟ್ಟಿಗಳ ಮಾತು ಮುಖ್ಯ. ಆದರೆ ಮುಳ್ಳು ಕಟ್ಟಿದ ಕಾಲಿನ ಮೇಲೆ ಭಾರ ಹೇಗೆ ಬೀಳುತ್ತದೆ ಎಂಬುದನ್ನು ತಿಳಿದರೆ ಬೇರೆ ಉಪಕರಣಗಳ ಮೆತ್ತೆಯನ್ನು ಆರಿಸುವುದೂ ಸುಲಭವಾಗುತ್ತದೆ. ಅದಕ್ಕಾಗಿ ಅದನ್ನೇ ಮೊದಲು ನೋಡೋಣ.

ಕಾಲಿನ ಅಳತೆ

ಮುಳ್ಳು ಇರುವುದು ಪಾದದ ನೇರ ಕೆಳಗೆ ಅಲ್ಲ, ಒಳಮಗ್ಗುಲಲ್ಲಿ. ಅದರ ಮೇಲೆ ನಿಂತಾಗ ಕಂಬಿ ಹಾರೆಯಂತೆ ವರ್ತಿಸುತ್ತದೆ. ಕೆಳತುದಿ ಮರಕ್ಕೆ ಒತ್ತಿದಷ್ಟೂ ಮೇಲ್ತುದಿ ಕಾಲಿಗೆ ಒತ್ತುತ್ತದೆ. ಕಂಬಿ ಗಿಡ್ಡವಾದರೆ ಹಾರೆ ಗಿಡ್ಡವಾಯಿತು. ಒತ್ತಡ ಹೆಚ್ಚಿ, ಅದೂ ಎಲುಬಿನ ನಡುಮಧ್ಯಕ್ಕೆ ಬೀಳುತ್ತದೆ. ಉದ್ದವಾದರೆ ಮೊಳಕಾಲು ಮಡಿಸಿದಾಗಲೆಲ್ಲ ಕೀಲಿಗೆ ತಾಗುತ್ತದೆ. ಆದ್ದರಿಂದ ಅಳೆದೇ ತೆಗೆದುಕೊಳ್ಳಬೇಕು. ಹತ್ತುವಾಗ ಹಾಕುವ ಬೂಟನ್ನೇ ಹಾಕಿ ನಿಲ್ಲಿ. ಬೂಟಿನ ನಡುಭಾಗದ ಅಡಿಯಿಂದ ಮೊಳಕಾಲಿನ ಒಳಮಗ್ಗುಲಿನಲ್ಲಿ ಕೈಗೆ ಸಿಗುವ ಉಬ್ಬೆಲುಬಿನವರೆಗೆ ಟೇಪು ಹಿಡಿಯಿರಿ. ಬಂದ ಅಳತೆಯಲ್ಲಿ ಅರ್ಧ ಇಂಚು ಕಳೆಯಿರಿ. ಕಂಬಿಯ ಎತ್ತರ ಅಷ್ಟಿರಲಿ. ಒಳ್ಳೆಯ ಜೋಡಿಯಲ್ಲಿ ಕಂಬಿಯನ್ನು ಮೇಲೆ ಕೆಳಗೆ ಸರಿಸಿ ತಿರುಪು ಬಿಗಿಯಲು ತೂತುಗಳಿರುತ್ತವೆ. ತೂತಿಲ್ಲದ, ಎಲ್ಲರಿಗೂ ಒಂದೇ ಅಳತೆ ಎಂದು ಮಾರುವ ಜೋಡಿ ಯಾರ ಕಾಲಿಗೂ ಸರಿಹೋಗುವುದಿಲ್ಲ.

ಮುಳ್ಳಿನಲ್ಲಿ ಎರಡು ಬಗೆಯಿದೆ. ಕಂಬಕ್ಕೆ ಗಿಡ್ಡದು, ಸುಮಾರು ಒಂದೂವರೆ ಇಂಚು. ದಪ್ಪ ತೊಗಟೆಯ ಮರಕ್ಕೆ ಉದ್ದದ್ದು, ಎರಡೂವರೆ ಇಂಚಿಗೂ ಮೇಲೆ. ದಪ್ಪ ತೊಗಟೆಗೆ ಗಿಡ್ಡ ಮುಳ್ಳು ಹಾಕಿದರೆ ತೊಗಟೆ ಸಮೇತ ಜಾರುತ್ತದೆ. ಕಂಬಕ್ಕೆ ಉದ್ದ ಮುಳ್ಳು ಹಾಕಿದರೆ ಪಾದ ಮರದಿಂದ ದೂರ ನಿಂತು ಕಾಲ್ಗಿಣ್ಣು ತಿರುಚುತ್ತದೆ. ಮೊಂಡಾದ ಮುಳ್ಳನ್ನು ಅರದಿಂದ ಕೈಯಲ್ಲೇ ಮಸೆಯಬೇಕು. ತಿರುಗುವ ಕಲ್ಲಿಗೆ ಹಿಡಿದರೆ ಬಿಸಿಯೇರಿ ಉಕ್ಕಿನ ಹದ ಕೆಡುತ್ತದೆ, ಮೇಲೆ ನಿಂತಿರುವಾಗಲೇ ಬಾಗಿಬಿಡಬಹುದು.

ಬೂಟಿನ ಮಾತೂ ಇಲ್ಲೇ ಹೇಳಬೇಕು. ಹವಾಯಿ ಚಪ್ಪಲಿ, ಮಳೆಗಾಲದ ರಬ್ಬರ್ ಬೂಟು, ಮೆತ್ತನೆಯ ಕ್ಯಾನ್ವಾಸ್ ಬೂಟು ಇವು ಯಾವುವೂ ಮುಳ್ಳಿಗೆ ಸಲ್ಲುವುದಿಲ್ಲ. ಹಿಮ್ಮಡಿ ಎದ್ದು ಕಾಣುವ, ಅಡಿಭಾಗ ಗಟ್ಟಿಯಾಗಿರುವ, ಕಾಲ್ಗಿಣ್ಣು ಮುಚ್ಚುವ ಬೂಟು ಬೇಕು. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ನಡುವಿನಲ್ಲಿ ಮಡಿಸಿಕೊಂಡರೆ ಕಬ್ಬಿಣದ ಮೆಟ್ಟು ಅಂಗಾಲಿನ ಕುಳಿಗೆ ಕೊರೆಯುತ್ತದೆ ಎಂದು ತಿಳಿಯಿರಿ. ದುಬಾರಿ ಮೆತ್ತೆ ಕೊಂಡು ಹಳೆಯ ಚಪ್ಪಲಿಯಲ್ಲಿ ನಿಲ್ಲುವುದಕ್ಕಿಂತ, ಸಾಧಾರಣ ಮೆತ್ತೆ ಕೊಂಡು ಒಳ್ಳೆಯ ಬೂಟಿಗೆ ಹಣ ಹಾಕುವುದು ಮೇಲು.

ಮೆತ್ತೆ ಹೇಗಿರಬೇಕು

ಮೆತ್ತೆಯ ಕೆಲಸ ಭಾರವನ್ನು ಹಂಚುವುದು. ಒಂದು ಇಂಚು ಅಗಲದಲ್ಲಿ ಬೀಳುವ ಭಾರ ನಾಲ್ಕು ಇಂಚಿಗೆ ಹರಡಿದರೆ ಒಂದೊಂದು ಜಾಗಕ್ಕೆ ಬೀಳುವ ಒತ್ತಡ ಕಾಲು ಭಾಗವಾಗುತ್ತದೆ. ಆದರೆ ಅಗಲವಿದ್ದರಷ್ಟೇ ಸಾಲದು, ಹಿಂದೆ ಗಟ್ಟಿ ಬೆನ್ನಿರಬೇಕು. ದಪ್ಪ ಚರ್ಮ, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಗಡಿನ ಬೆನ್ನಿಗೆ ಒಳಗಿನಿಂದ ಮೆತ್ತನೆಯ ಪದರ ಕೂಡಿಸಿದ್ದು ಒಳ್ಳೆಯದು. ಬೆನ್ನಿಲ್ಲದ ಮೆತ್ತೆ ಕಂಬಿ ಇರುವಲ್ಲಿ ಮಾತ್ರ ಕುಸಿದು, ಅಗಲವಿದ್ದೂ ಪ್ರಯೋಜನವಿಲ್ಲದಂತಾಗುತ್ತದೆ.

ಅಂಗಡಿಯಲ್ಲಿ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಬೆರಳಿಗೆ ಹಿಂದಿನ ಗಟ್ಟಿಭಾಗ ತಾಗಿದರೆ ಅದು ಬರಿಯ ಸ್ಪಂಜು. ಮೈಭಾರ ಬಿದ್ದಾಗ ಇಲ್ಲದಂತೆಯೇ. ನೋಡಲು ದಪ್ಪ, ಮುಟ್ಟಲು ಮೆತ್ತಗೆ ಇರುವ ಸ್ಪಂಜಿಗೆ ಮರುಳಾಗಬೇಡಿ. ಒತ್ತಿ ಅಮುಕಿದ ಉಣ್ಣೆಯ ಪದರ ಅಷ್ಟು ಮೆತ್ತಗಿಲ್ಲದಿದ್ದರೂ ಬಹುದಿನ ಕುಸಿಯುವುದಿಲ್ಲ, ಬೆವರನ್ನೂ ಹೀರುತ್ತದೆ. ನಮ್ಮಲ್ಲಿ ಕುರಿಯ ಕಂಬಳಿಗೆ ಕೊರತೆಯಿಲ್ಲ. ಹಳೆಯ ಕಂಬಳಿಯನ್ನು ಮೂರು ನಾಲ್ಕು ಮಡಿಕೆ ಮಾಡಿ, ದಪ್ಪ ಚರ್ಮ ಅಥವಾ ಹಳೆಯ ಟೈರಿನ ತೆಳು ಪಟ್ಟಿಯ ಬೆನ್ನಿಗೆ ಚಪ್ಪಲಿ ಹೊಲಿಯುವವರಿಂದ ಹೊಲಿಸಿದರೆ ಅಂಗಡಿಯ ಮೆತ್ತೆಗೆ ಸಾಟಿಯಾಗುತ್ತದೆ. ಹೊಲಿಗೆಯ ಗಂಟು ಕಾಲಿನ ಕಡೆ ಬರಬಾರದು. ಅಂಚನ್ನು ಹೊರಕ್ಕೆ ಮಡಿಸಿ ಹೊಲಿಯಬೇಕು; ಕತ್ತರಿಸಿದ ಅಂಚು ಬೆವರಿದ ಚರ್ಮವನ್ನು ಕೊಯ್ಯುತ್ತದೆ. ರೆಕ್ಸಿನ್ ಒಳಗಡೆ ಬೇಡ, ಬೆವರು ಹೋಗಲು ದಾರಿಯಿಲ್ಲದೆ ಬೊಕ್ಕೆ ಏಳುತ್ತವೆ.

ಬಟ್ಟೆಯೂ ಮೆತ್ತೆಯ ಒಂದು ಭಾಗವೇ. ಲುಂಗಿ ಎತ್ತಿ ಕಟ್ಟಿ ಬರಿಗಾಲಿಗೆ ಪಟ್ಟಿ ಬಿಗಿಯುವುದಕ್ಕಿಂತ, ಒಗೆದು ಮೆತ್ತಗಾದ ಹತ್ತಿಯ ಪ್ಯಾಂಟು ಹಾಕಿ ಅದರ ಮೇಲೆ ಮೆತ್ತೆ ಕಟ್ಟುವುದು ಒಳ್ಳೆಯದು. ಪ್ಯಾಂಟಿನ ಮಡಿಕೆ ಮೆತ್ತೆಯ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಪಟ್ಟಿಯ ಬಿಗಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೊಳಕಾಲಿನ ಕೆಳಗೆ, ಹೊರಮಗ್ಗುಲಿನಲ್ಲಿ, ಒಂದು ಸಣ್ಣ ಉಂಡೆಯಂಥ ಎಲುಬು ಕೈಗೆ ಸಿಗುತ್ತದೆ. ಅದರ ಕೆಳಗೇ ಒಂದು ನರ ಎಲುಬನ್ನು ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಪಾದವನ್ನು ಮೇಲಕ್ಕೆತ್ತುವ ಶಕ್ತಿ ಕೊಡುವುದು ಆ ನರ. ಅಲ್ಲಿ ಅದಕ್ಕೆ ಮಾಂಸದ ರಕ್ಷಣೆಯಿಲ್ಲ. ಮೆತ್ತೆ ಜಾರುತ್ತದೆಂದು ಮೇಲಿನ ಪಟ್ಟಿಯನ್ನು ಸರಿಯಾಗಿ ಆ ಜಾಗದಲ್ಲೇ ಬಿಗಿದು ಗಂಟೆಗಟ್ಟಲೆ ಕೆಲಸ ಮಾಡಿದರೆ ನರ ಜಜ್ಜಿದಂತಾಗುತ್ತದೆ. ಮೊದಲು ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಆಮೇಲೆ ಹೆಬ್ಬೆರಳು ಮೇಲೇಳುವುದಿಲ್ಲ. ನಡೆಯುವಾಗ ಪಾದ ಕೆಳಕ್ಕೆ ಜೋತುಬಿದ್ದು, ಹೊಸಲಿಗೂ ಎಡವುವಂತಾಗುತ್ತದೆ. ಇದನ್ನು ವಾತವೆಂದು ತಿಳಿದು ಎಣ್ಣೆ ತಿಕ್ಕುತ್ತ ಕಾಲ ಕಳೆಯಬೇಡಿ. ಒತ್ತಡ ಬೇಗ ತಪ್ಪಿಸಿದರೆ ಬಹುಪಾಲು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಯಾಗುತ್ತದೆ, ಬಿಟ್ಟಷ್ಟೂ ಕಷ್ಟ. ಅಂದಹಾಗೆ, ಅರಿಶಿನದ ಹೊಲದಲ್ಲಿ ಕಳೆ ಕೀಳಲು ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರುವ ಹೆಣ್ಣುಮಕ್ಕಳಿಗೂ ಇದೇ ನರ ಒತ್ತಿಕೊಂಡು ಹೀಗಾಗುವುದುಂಟು. ಅವರೂ ಆಗಾಗ ಎದ್ದು ನಿಲ್ಲಬೇಕು.

ಹಾಗಾದರೆ ಪಟ್ಟಿ ಎಲ್ಲಿ ಬರಬೇಕು? ಆ ಉಂಡೆಯಿಂದ ಮೂರು ಬೆರಳು ಕೆಳಗೆ, ಮೀನಖಂಡ ದಪ್ಪವಾಗುವ ಜಾಗದಲ್ಲಿ. ಬಿಗಿದ ಮೇಲೆ ಒಳಗೆ ಎರಡು ಬೆರಳು ಹೋಗಬೇಕು. ಪಟ್ಟಿ ಒಂದೂವರೆ ಇಂಚಿಗಿಂತ ಕಡಿಮೆ ಅಗಲದ್ದು ಬೇಡ. ಬಕಲು ಎಲುಬಿನ ಮೇಲೆ ಬರದೆ ಹೊರಗೆ ಮಾಂಸದ ಮೇಲೆ ಬರಲಿ. ಎಳೆದು ಅಂಟಿಸುವ ಪಟ್ಟಿ, ಅಂದರೆ ಶಾಲೆಯ ಮಕ್ಕಳ ಬೂಟಿಗಿರುವಂಥದ್ದು, ಹಾಕಲು ಬಿಚ್ಚಲು ಸುಲಭ. ಆದರೆ ಮಣ್ಣು, ತೆಂಗಿನ ನಾರು ತುಂಬಿಕೊಂಡರೆ ಹಿಡಿತ ಹೋಗುತ್ತದೆ. ನಮ್ಮ ತೋಟದ ಕೆಲಸಕ್ಕೆ ಬಕಲೇ ವಾಸಿ.

ಕೊಳ್ಳುವ ಮೊದಲು ಕಟ್ಟಿಕೊಂಡು ಕಾಲು ಗಂಟೆ ನಿಲ್ಲಿ, ಕುಳಿತು ಏಳಿ, ಆಗುವುದಾದರೆ ನೆಲದಿಂದ ಒಂದಡಿ ಎತ್ತರದಲ್ಲಿ ಮರಕ್ಕೆ ಹತ್ತಿ ನಿಂತು ನೋಡಿ. ಆಮೇಲೆ ಬಿಚ್ಚಿ ಚರ್ಮವನ್ನು ನೋಡಿಕೊಳ್ಳಿ. ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲೇ ಮಾಸಿದರೆ ತೊಂದರೆಯಿಲ್ಲ. ಅರ್ಧ ಗಂಟೆಯಾದರೂ ಮಾಸದಿದ್ದರೆ, ಜೋಮು ಹಿಡಿದರೆ, ಆ ಮೆತ್ತೆ ನಿಮ್ಮ ಕಾಲಿನದಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಹೊಸ ಚರ್ಮ ಹದಕ್ಕೆ ಬರುತ್ತದೆ, ನಿಜ; ಎಲುಬು, ನರಗಳು ಹದಕ್ಕೆ ಬರುವುದಿಲ್ಲ.

ತೆಂಗಿಗೆ ಯಾವುದು?

ತೆಂಗಿಗೆ ಮುಳ್ಳಿಲ್ಲದ ಯಂತ್ರವೇ ಸರಿ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬವರು ರೂಪಿಸಿದ ಯಂತ್ರ ಆ ಊರಿನ ಹೆಸರಿನಿಂದಲೇ ದಕ್ಷಿಣ ಭಾರತದಲ್ಲೆಲ್ಲ ಹರಡಿದೆ. ಎಡಗಾಲಿಗೊಂದು ಬಲಗಾಲಿಗೊಂದು ಎಂದು ಎರಡು ಭಾಗ. ಒಂದೊಂದಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗ, ಕೈಹಿಡಿ, ಪಾದವಿಡುವ ಜಾಗ. ಭಾರ ಬಿದ್ದ ಭಾಗ ಮರವನ್ನು ಬಿಗಿಯಾಗಿ ಹಿಡಿಯುತ್ತದೆ, ಭಾರ ತೆಗೆದ ಭಾಗ ಮೇಲಕ್ಕೆ ಸರಿಯುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ತೆಂಗಿನ ಮರದ ಸ್ನೇಹಿತರು ಎಂಬ ಹೆಸರಿನಲ್ಲಿ ಯುವಕ ಯುವತಿಯರಿಗೆ ಯಂತ್ರದಲ್ಲಿ ಹತ್ತುವ ತರಬೇತಿ ಕೊಡಿಸಿದರು. ಅದರಲ್ಲಿ ಕಲಿತ ಹೆಣ್ಣುಮಕ್ಕಳೂ ಇದ್ದಾರೆ. ನಿಂತು ಹತ್ತುವುದು ಇದಾದರೆ, ಕುಳಿತು ಹತ್ತುವ ಮಾದರಿಯೂ ಬೇರೆ ಇದೆ. ಮೊಳಕಾಲು ನೋವಿರುವವರಿಗೆ, ವಯಸ್ಸಾದವರಿಗೆ ಅದು ಅನುಕೂಲ. ವೇಗ ಸ್ವಲ್ಪ ಕಡಿಮೆ.

ಈ ಯಂತ್ರಗಳಲ್ಲಿ ಕಾಲಿಗೆ ಒತ್ತುವ ಜಾಗ ಬೇರೆ. ಕಾಲನ್ನು ಮೇಲೆತ್ತುವಾಗ ಯಂತ್ರದ ತೂಕವೆಲ್ಲ ಪಾದದ ಮೇಲ್ಭಾಗದ ಪಟ್ಟಿಗೆ ಬೀಳುತ್ತದೆ. ಆ ಪಟ್ಟಿಗೆ ಎರಡು ಇಂಚು ಅಗಲದ ಮೆತ್ತೆ ಇರಲೇಬೇಕು. ಅನೇಕ ಯಂತ್ರಗಳು ಬರಿಯ ರಬ್ಬರ್ ಪಟ್ಟಿಯೊಂದಿಗೆ ಬರುತ್ತವೆ. ಮೇಲೆ ಹೇಳಿದ ಕಂಬಳಿಯ ಮೆತ್ತೆಯನ್ನು ಅದಕ್ಕೂ ಹೊಲಿಸಿಕೊಳ್ಳಬಹುದು. ಮೊಳಕಾಲಿನ ಕೆಳಗಿನ ಎಲುಬು ಕಂಬಿಗೆ ತಾಗುವಂತಿದ್ದರೆ ಕಂಬಿಗೇ ಬಟ್ಟೆ ಸುತ್ತುವ ಬದಲು ಕಾಲಿಗೆ ಮೆತ್ತೆ ಕಟ್ಟಿ. ಕಂಬಿಗೆ ಸುತ್ತಿದ ಬಟ್ಟೆ ಸಡಿಲವಾಗಿ ಉಕ್ಕಿನ ಹಗ್ಗದ ನಡುವೆ ಸಿಕ್ಕಿಕೊಂಡರೆ ಹಿಡಿತ ತಪ್ಪೀತು. ಮರವನ್ನು ಹಿಡಿಯುವ ರಬ್ಬರು ಸವೆದಿದೆಯೇ, ಉಕ್ಕಿನ ಹಗ್ಗದ ಎಳೆ ಬಿಟ್ಟಿದೆಯೇ ಎಂದು ಪ್ರತಿದಿನ ನೋಡಬೇಕು. ಬೆಳಗಿನ ಮಂಜಿನಲ್ಲಿ, ಮಳೆ ನಿಂತ ಕೂಡಲೇ, ಪಾಚಿ ಕಟ್ಟಿದ ಮರಕ್ಕೆ ಯಂತ್ರವೂ ಜಾರುತ್ತದೆ.

ಯಂತ್ರ ಬೇಡ, ಕಾಲಿಗೆ ಹಗ್ಗದ ಕುಣಿಕೆ ಹಾಕಿಯೇ ಹತ್ತುತ್ತೇನೆ ಎನ್ನುವ ಅನುಭವಿಗಳನ್ನು ದೂರುವಂತಿಲ್ಲ. ಅವರಿಗೆ ಅದು ಕೈಗೆ, ಕಾಲಿಗೆ ಒಗ್ಗಿದೆ, ವೇಗವೂ ಹೆಚ್ಚು. ಅವರು ನೈಲಾನ್ ಬಿಟ್ಟು ನಾರಿನ ಹಗ್ಗಕ್ಕೆ ಹಳೆಯ ಹತ್ತಿ ಬಟ್ಟೆ ಸುತ್ತಿ ಬಳಸಲಿ. ಕಾಲ್ಗಿಣ್ಣಿನ ಒಳಗೂ ಎದೆಗೂ ಮೆತ್ತೆ ಇರಲಿ. ತಮಿಳುನಾಡಿನ ತೆಂಕಣ ಜಿಲ್ಲೆಗಳಲ್ಲಿ ತಾಳೆಮರ ಹತ್ತುವವರು ಎದೆಗೆ ಚರ್ಮದ ಹೊದಿಕೆ ಕಟ್ಟಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಅಡಿಕೆ ಇಟ್ಟವರು ಕೆಳಗೆ ನಿಂತೇ ಕೀಳುವ ದೋಟಿಯನ್ನು ವಿಚಾರಿಸಬಹುದು. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ರೂಪಿಸಿದ, ಪೆಟ್ರೋಲಿನಿಂದ ಓಡುವ ಮರ ಹತ್ತುವ ಬೈಕು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಏಣಿಯಂತೆಯೇ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ತೋಟದಲ್ಲಿ ಇವೆರಡನ್ನೂ ಎತ್ತುವ ಮೊದಲು ತಲೆಯೆತ್ತಿ ನೋಡಬೇಕು.

ಮೆತ್ತೆ ಬೀಳುವುದನ್ನು ತಡೆಯುವುದಿಲ್ಲ

ಕಾಲು ಎಷ್ಟೇ ಹಿತವಾಗಿದ್ದರೂ ಬೀಳುವವರನ್ನು ಹಿಡಿಯುವುದು ಸೇಫ್ಟಿ ಬೆಲ್ಟು. ಬರಿಯ ಸೊಂಟದ ಬೆಲ್ಟು ಬೇಡ. ಬಿದ್ದ ರಭಸವೆಲ್ಲ ಹೊಟ್ಟೆಗೂ ಬೆನ್ನಿಗೂ ಬೀಳುತ್ತದೆ. ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಹಾರ್ನೆಸ್ ಬೇಕು. ಅದರಲ್ಲಿ ಐ.ಎಸ್. 3521 ಎಂಬ ಸಂಖ್ಯೆಯೂ ಐ.ಎಸ್.ಐ. ಗುರುತೂ ಇರಬೇಕು, ತಲೆಯ ಹೆಲ್ಮೆಟ್ಟಿಗೆ ಐ.ಎಸ್. 2925. ಮರವನ್ನು ಸುತ್ತುವ ಹಗ್ಗ ಭಾರ ಬಿದ್ದಾಗ ಬಿಗಿಯುವಂಥ ಕುಣಿಕೆಯದಾಗಿರಲಿ, ಹತ್ತಿದಂತೆಲ್ಲ ಅದನ್ನು ಮೇಲಕ್ಕೆ ಸರಿಸುತ್ತ ಹೋಗಬೇಕು. ತೊಡೆಯ ಪಟ್ಟಿಗೂ ಮೆತ್ತೆ ಇರುವುದನ್ನು ಆರಿಸಿ. ಬೆಲ್ಟಿನಲ್ಲಿ ಅಲುಗಾಡದೆ ನೇತಾಡುವವರಿಗೆ ಕಾಲಿನ ರಕ್ತ ಮೇಲೆ ಬರದೆ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು. ಅದಕ್ಕೇ ಒಬ್ಬರೇ ಮರ ಹತ್ತುವ ಕೆಲಸಕ್ಕೆ ಹೋಗಬಾರದು. ಕೆಳಗೆ ಇನ್ನೊಬ್ಬರು ಇರಲೇಬೇಕು.

ಇದೆಲ್ಲ ಯಾರ ಖರ್ಚು ಎಂಬ ಪ್ರಶ್ನೆ ಬರುತ್ತದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಾಕ್ಯವನ್ನು ತೆರೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎಂಬುದು ಅಲ್ಲಿನ ಕಟ್ಟಳೆ. ಬಿದ್ದವನು ಹುಷಾರಾಗಿರಬೇಕಿತ್ತು ಎಂದು ಅಲ್ಲಿ ಹೇಳಿಲ್ಲ. ಮಾತು ಮನೆಯ ಯಜಮಾನನಿಗೆ. ತೋಟದ ಯಜಮಾನರಿಗೂ ಇದನ್ನು ಅನ್ವಯಿಸುವುದು ತಪ್ಪಾಗಲಾರದು. ದಿನಗೂಲಿಯಲ್ಲಿ ಬದುಕುವವರು ಹಾರ್ನೆಸ್ ಕೊಳ್ಳುವುದು ಕಷ್ಟ. ನಾಲ್ಕೈದು ತೋಟದವರು ಸೇರಿ, ಅಥವಾ ಸ್ವಸಹಾಯ ಸಂಘದ ಮೂಲಕ, ಒಂದು ಯಂತ್ರ, ಒಂದು ಹಾರ್ನೆಸ್ ಕೊಂಡಿಟ್ಟರೆ ಎಲ್ಲರ ತೋಟಕ್ಕೂ ಆಗುತ್ತದೆ. ಆದರೆ ಕಾಲಿನ ಮೆತ್ತೆ, ಬೂಟುಗಳನ್ನು ಮಾತ್ರ ಹಂಚಿಕೊಳ್ಳುವುದು ಬೇಡ. ಅವು ಹತ್ತುವವರ ಕಾಲಿನ ಅಳತೆಗೇ ಇರಬೇಕು, ಚರ್ಮದ ಕಜ್ಜಿಯೂ ಹರಡುತ್ತದೆ.

ಆರೋಗ್ಯದ ಕೆಲವು ಮಾತು

ಸಕ್ಕರೆ ಕಾಯಿಲೆ ಇರುವವರು ವಿಶೇಷ ಎಚ್ಚರ ವಹಿಸಬೇಕು. ಅವರ ಪಾದದಲ್ಲಿ ನೋವು ತಿಳಿಯುವ ಶಕ್ತಿ ಕುಂದಿರಬಹುದು. ಮೆತ್ತೆ ಹಿತವಾಗಿದೆ ಎಂದು ಅವರು ಹೇಳುವ ಮಾತನ್ನು ಅವರೇ ನಂಬುವಂತಿಲ್ಲ. ಸಂಜೆ ಮನೆಯಲ್ಲಿ ಯಾರಾದರೂ ದೀಪದ ಬೆಳಕಿನಲ್ಲಿ ಅವರ ಅಂಗಾಲು, ಬೆರಳುಸಂದು, ಮೆತ್ತೆ ಕಟ್ಟಿದ ಜಾಗ ನೋಡಲಿ. ಸಣ್ಣ ಬೊಕ್ಕೆಯಿದ್ದರೂ ಅದು ವಾಸಿಯಾಗುವವರೆಗೆ ಹತ್ತುವುದು ಬೇಡ. ಮೂರ್ಛೆ ರೋಗ, ತಲೆಸುತ್ತು ಇರುವವರು ಈ ಕೆಲಸವನ್ನೇ ಬಿಡಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಮಣ್ಣು ಮೆತ್ತಿದ ಮುಳ್ಳು ಚುಚ್ಚಿ ಆಳವಾದ ಗಾಯವಾದರೆ ಐದು ವರ್ಷ ಕಳೆದಿದ್ದರೂ ಹಾಕಿಸಬೇಕಾಗುತ್ತದೆ. ಕುಡಿದವರನ್ನು ಮರ ಹತ್ತಿಸಬೇಡಿ, ಕೂಲಿಯ ಭಾಗವಾಗಿ ಕುಡಿತಕ್ಕೆ ಹಣ ಕೊಡುವ ಅಭ್ಯಾಸವನ್ನೂ ಬಿಡಿ.

ತಪಸ್ಸುಕಾಲದಲ್ಲಿ ಕೆಲವರು ಉಪವಾಸವಿದ್ದೇ ಕೆಲಸಕ್ಕೆ ಹೋಗುತ್ತಾರೆ. ಹಸಿದ ಹೊಟ್ಟೆಯಲ್ಲಿ 40 ಅಡಿ ಮೇಲೆ ಕೈ ನಡುಗಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮೈಮುರಿದು ದುಡಿಯುವವರಿಗೆ ಉಪವಾಸದಲ್ಲಿ ವಿನಾಯಿತಿ ಕೊಡುವುದು ಧರ್ಮಸಭೆಯಲ್ಲಿ ಹಿಂದಿನಿಂದ ಇರುವುದೇ. ಗುರುಗಳನ್ನು ಕೇಳಿದರೆ ಬೇರೆ ಬಗೆಯ ತ್ಯಾಗವನ್ನು ಸೂಚಿಸುತ್ತಾರೆ.

ಯಾರಾದರೂ ಬಿದ್ದರೆ ಓಡಿಹೋಗಿ ಕೈ ಒಬ್ಬರು ಕಾಲು ಒಬ್ಬರು ಹಿಡಿದು ಎತ್ತಬೇಡಿ. ಬೆನ್ನುಮೂಳೆ ಮುರಿದಿದ್ದರೆ, ಆ ಎತ್ತುವಿಕೆಯಿಂದಲೇ ಎರಡು ಕಾಲೂ ಶಾಶ್ವತವಾಗಿ ಹೋಗಬಹುದು. ಮಾತನಾಡಿಸಿ, ಕತ್ತು ಅಲುಗದಂತೆ ತಲೆಯ ಎರಡೂ ಕಡೆ ಕೈಯಿಟ್ಟು ಹಿಡಿದುಕೊಳ್ಳಿ, 108ಕ್ಕೆ ಕರೆ ಮಾಡಿ. ನೀರು ಕುಡಿಸಬೇಡಿ. ವಾಹನ ಬರುವುದು ತಡವಾಗಿ ಎತ್ತಲೇಬೇಕಾದರೆ ಬಾಗಿಲಿನ ಹಲಗೆ ತಂದು, ನಾಲ್ವರು ಸೇರಿ ಮೈಯನ್ನು ಒಂದೇ ಮರದ ದಿಮ್ಮಿಯಂತೆ ಹೊರಳಿಸಿ ಹಲಗೆಯ ಮೇಲಿಡಿ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಬೆನ್ನು ಮುರಿದವರಿಗೆ ಆ ದಾರಿ ಎಂಥದ್ದೆಂದು ನಿಮಗೇ ಗೊತ್ತು. ಚಾಮರಾಜನಗರ ಹತ್ತಿರ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಎಲ್ಲಿಗೆ ಎಂಬುದನ್ನು 108ರವರ ಜೊತೆ ಮಾತಾಡಿ ತೀರ್ಮಾನಿಸಿ.

ತೆಂಗಿನ ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯಿದೆ. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಕಂತು, ಪರಿಹಾರದ ಮೊತ್ತಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವಾಗ ಕೇಳಿ ತಿಳಿಯಬೇಕು. ಯಂತ್ರದ ಬಗ್ಗೆ, ತರಬೇತಿಯ ಬಗ್ಗೆ ನಮ್ಮ ಜಿಲ್ಲೆಯ ಗೋಬಿಚೆಟ್ಟಿಪಾಳ್ಯದ ಮೈರಾಡ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕನ್ನಡದಲ್ಲೇ ಕೇಳಿ ತಿಳಿಯಬೇಕೆನ್ನುವವರಿಗೆ ಚಾಮರಾಜನಗರದ ಹತ್ತಿರದ ಹರದನಹಳ್ಳಿಯ ಕೇಂದ್ರವಿದೆ.

ಕೊನೆಯದಾಗಿ ಸಾಮಾನು ಇಡುವ ಬಗೆ. ಕೆಲಸ ಮುಗಿದ ಮೇಲೆ ಮೆತ್ತೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಚರ್ಮ ಬಿರಿಯುತ್ತದೆ. ತಿಂಗಳಿಗೊಮ್ಮೆ ಚರ್ಮಕ್ಕೆ ಸ್ವಲ್ಪ ಹರಳೆಣ್ಣೆ ಸವರಿದರೆ ಮೆತ್ತಗಿರುತ್ತದೆ. ಹಾರ್ನೆಸ್ಸಿನ ನೈಲಾನ್ ಪಟ್ಟಿಗೆ ಮಾತ್ರ ಎಣ್ಣೆ, ಬಿಸಿಲು ಎರಡೂ ಬೇಡ. ಗೊಬ್ಬರದ ಮೂಟೆ, ಬ್ಯಾಟರಿಗಳ ಪಕ್ಕದಲ್ಲೂ ಇಡಬಾರದು. ಬೆವರಿನ ಉಪ್ಪಿಗೆ ಇಲಿಗಳು ಚರ್ಮವನ್ನೂ ಪಟ್ಟಿಯನ್ನೂ ಕಡಿಯುತ್ತವೆ. ಗೋಡೆಗೆ ತಾಗದಂತೆ ತೊಲೆಯಿಂದ ತಂತಿ ಇಳಿಬಿಟ್ಟು ಅದಕ್ಕೆ ತೂಗುಹಾಕಿ, ಮರುದಿನ ಕಟ್ಟುವ ಮೊದಲು ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ.